ಗಾಡಿಮನೆಯ ನೆಲ

ನನ್ನ ಮೊದಲ ಮನೆಗೆ ಹೊಸ್ತಿಲು ಇರಲಿಲ್ಲ. ಕೊಕ್ಕೆಗೆ ಸಿಕ್ಕಿಸುವ ಕಬ್ಬಿಣದ ಮೆಟ್ಟಿಲೊಂದಿತ್ತು. ಊರು ಬದಲಾಯಿಸುವ ದಿನ ಅದನ್ನು ಕಳಚಿ ಒಳಗೆ ಹಾಕಿಕೊಂಡರೆ ಮನೆ ಹೊರಡಲು ಸಿದ್ಧವಾಗುತ್ತಿತ್ತು. ಗುಡ್ಡಗಳಲ್ಲಿ ಅದಿರು ಹುಡುಕಲು ನೆಲ ಕೊರೆಸುತ್ತಿದ್ದ ಒಬ್ಬ ಗುತ್ತಿಗೆದಾರರ ಕ್ಯಾಂಪಿನಲ್ಲಿ ಅಪ್ಪ ಮೆಕ್ಯಾನಿಕ್ ಆಗಿದ್ದ. ಹೊಸದುರ್ಗದ ಕಡೆ ಕೆಲವು ತಿಂಗಳು, ಹಿರಿಯೂರಿನಾಚೆಯ ಜಾಲಿ ಮರಗಳ ನಡುವೆ ಕೆಲವು ತಿಂಗಳು. ಕೊರೆಯುವ ಯಂತ್ರ ಹೋದಲ್ಲಿಗೆ, ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು ನಮ್ಮ ಮನೆಯೂ ಹೋಗುತ್ತಿತ್ತು. ನಾಲ್ಕು ಟೈರು, ಕಬ್ಬಿಣದ ಚೌಕಟ್ಟು, ಅದರ ಮೇಲೆ ನೆಲ, ಗೋಡೆ, ಸೂರು ಎಲ್ಲವೂ ಮರದ್ದು. ಕ್ಯಾಂಪಿನವರು ಟ್ರೈಲರ್ ಎನ್ನುತ್ತಿದ್ದರು, ನಾವು ಗಾಡಿಮನೆ ಎನ್ನುತ್ತಿದ್ದೆವು. ಒಳಗೆ ಪ್ರತಿಯೊಂದಕ್ಕೂ ಒಂದು ಕೊಕ್ಕೆ. ಲೋಟಗಳು ಕಿವಿ ಹಿಡಿದು ನೇತಾಡುತ್ತಿದ್ದವು, ಮೇಜು ಗೋಡೆಗೆ ಮಡಚಿಕೊಳ್ಳುತ್ತಿತ್ತು, ಮಲಗುವ ಹಲಗೆಯ ಕೆಳಗೆ ಅಕ್ಕಿ ಡಬ್ಬ, ರಾಗಿ ಹಿಟ್ಟಿನ ಡಬ್ಬ, ಅಪ್ಪನ ಸ್ಪ್ಯಾನರುಗಳು. ನೆಲದ ಎರಡು ಹಲಗೆಗಳ ನಡುವೆ ಬೆರಳಗಲದ ಸಂದಿಯಿತ್ತು. ಗಾಡಿ ಚಲಿಸುವಾಗ ನಾನು ಬೋರಲು ಮಲಗಿ ಆ ಸಂದಿಯಲ್ಲಿ ಕಣ್ಣಿಟ್ಟು, ರಸ್ತೆ ಹರಿದು ಹೋಗುವುದನ್ನು ನೋಡುತ್ತಿದ್ದೆ. ಕೆಂಪು ಮಣ್ಣು, ಬಿಳಿ ಕಲ್ಲು, ಕುರಿ ಹಿಕ್ಕೆ, ಮತ್ತೆ ಕೆಂಪು ಮಣ್ಣು. ಮುಂದೆ ಚಿತ್ರದುರ್ಗದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಿಮ್ಮ ನಿಮ್ಮ ಮನೆಯ ಚಿತ್ರ ಬರೆಯಿರಿ ಎಂದಾಗ ನಾನು ಮನೆಯ ಕೆಳಗೆ ಚಕ್ರ ಬರೆದಿದ್ದೆ. ಅವರು ಅದನ್ನು ಬಸ್ಸು ಎಂದುಕೊಂಡು, ಕಂಡಕ್ಟರ್ ಎಲ್ಲಿ ಎಂದು ಕೇಳಿದ್ದರು.

ನಾನು ಎರಡನೇ ಕ್ಲಾಸು ಮುಗಿಸುವ ಹೊತ್ತಿಗೆ ಅಪ್ಪ ಕೆಮ್ಮಿದರೆ ಕೊಕ್ಕೆಯ ಲೋಟಗಳು ಅಲ್ಲಾಡುವಂತಾಗಿತ್ತು. ಒಂದು ಬೆಳಿಗ್ಗೆ ಕರ್ಚೀಫಿನಲ್ಲಿ ರಕ್ತ ಕಂಡಿತು. ಎದೆರೋಗ ಎಂದು ಅವನನ್ನು ದೂರದ ಸ್ಯಾನಿಟೋರಿಯಂಗೆ ಸೇರಿಸಿದರು. ಅದೇ ಸುಮಾರಿಗೆ ಕ್ಯಾಂಪೂ ಮುಚ್ಚಿತು. ಗುತ್ತಿಗೆದಾರರು ಒಳ್ಳೆಯ ಮನಸ್ಸಿನವರು. ಗಾಡಿಯನ್ನು ಅಪ್ಪನಿಗೇ ಬಿಟ್ಟುಕೊಟ್ಟು, ಟ್ರ್ಯಾಕ್ಟರಿನಲ್ಲಿ ಎಳೆಸಿ, ಹೊಳಲ್ಕೆರೆಯಲ್ಲಿದ್ದ ದೊಡ್ಡಪ್ಪನ ಮನೆಯ ಹಿತ್ತಿಲಿಗೆ ತಲುಪಿಸಿದರು. ಹೊರಡುವ ಮುಂಚೆ ಅಮ್ಮನನ್ನು ಕರೆದು ಹೇಳಿದರು:

"ದೀಪಾವಳಿ ಕಳೆದ ಮ್ಯಾಲೆ ಹೊರಕೆರೆದೇವಪುರದ ಕಡೆ ಹೊಸ ಕ್ಯಾಂಪು ಹಾಕ್ತೀನಮ್ಮ. ಗಾಡಿ ನೆಟ್ಟಗಿದ್ರೆ ಕೆಲಸ ನಿಮ್ಮನೇರಿಗೇ. ಗಾಡಿ ಇಲ್ದಿದ್ರೆ ಮಾತ್ರ ಕಷ್ಟ. ಎದೆರೋಗದಿಂದ ಎದ್ದು ಬಂದೋರ್ನ ನಾನು ಡೇರೆಯಾಗೆ ಮಲಗ್ಸಾಕಾಗಲ್ಲ."

ಅಮ್ಮನಿಗೆ ಅಷ್ಟು ಸಾಕಾಗಿತ್ತು. ಗಾಡಿ ಉಳಿದರೆ ಅಪ್ಪನಿಗೆ ಕೆಲಸ, ನಮಗೆ ನಮ್ಮದೇ ಮನೆ. ಗಾಡಿ ಹೋದರೆ ದೊಡ್ಡಪ್ಪನ ಮನೆಯ ಕಾಳಿನ ಕೋಣೆಯೇ ಗತಿ.

ಆ ಕೋಣೆಯನ್ನು ನಮಗೆ ಬಿಟ್ಟುಕೊಟ್ಟವರು ದೊಡ್ಡಪ್ಪ. ಅವರು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಮಾತು ಕಡಿಮೆ, ಮನೆಯ ಜಗಳಗಳ ಹೊತ್ತಿಗೆ ಸರಿಯಾಗಿ ಚಪ್ಪಲಿ ಹುಡುಕುತ್ತಿದ್ದರು. ದೊಡ್ಡಮ್ಮ ಕೆಟ್ಟವರಲ್ಲ, ಹೆದರಿದವರು. ಅವರಿಗೆ ಎರಡು ಸಣ್ಣ ಮಕ್ಕಳಿದ್ದವು. ಅಪ್ಪನ ಕೆಮ್ಮು ನಮ್ಮ ಬಟ್ಟೆಗಳಲ್ಲಿ ಅಂಟಿಕೊಂಡು ಬಂದಿದೆ ಎಂದೇ ಅವರು ನಂಬಿದ್ದರು. ನಮ್ಮ ತಟ್ಟೆ ಲೋಟ ಬೇರೆ, ಅವನ್ನು ತೊಳೆಯುವ ಜಾಗ ಬೇರೆ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ನಾನು ಕೂರುತ್ತಿದ್ದೆ, ದೊಡ್ಡಮ್ಮ ಸೌಟು ತಟ್ಟೆಗೆ ತಾಗದಂತೆ ಮೇಲಿನಿಂದ ಸಾರು ಬಿಡುತ್ತಿದ್ದರು. ಸಾರು ಮುದ್ದೆಯ ಮೇಲೆ ಬಿದ್ದು ನನ್ನ ಲಂಗಕ್ಕೆ ಸಿಡಿಯುತ್ತಿತ್ತು. ಅಮ್ಮ ಎಲ್ಲರದೂ ಆದ ಮೇಲೆ ಒಲೆಯ ಬೂದಿ ತೆಗೆದು, ಕೊನೆಗೆ ಉಣ್ಣುತ್ತಿದ್ದಳು. ಗಾಡಿಯನ್ನು ಸುಟ್ಟುಬಿಟ್ಟರೆ ರೋಗದ ಬೇರೇ ಹೋಗುತ್ತದೆ ಎಂದು ದೊಡ್ಡಮ್ಮ ಒಮ್ಮೆ ಎಲ್ಲರೆದುರಿಗೇ ಅಂದರು. ಅಮ್ಮ ಅಪ್ಪನ ಹಾಸಿಗೆಯನ್ನು ಹಿತ್ತಿಲ ಮೂಲೆಗೆ ಒಯ್ದು ತಾನೇ ಬೆಂಕಿಯಿಟ್ಟಳು, ಗಾಡಿಯ ಒಳಗೋಡೆಗಳನ್ನು ಫಿನೈಲು ಹಾಕಿ ಉಜ್ಜಿದಳು. ಆಮೇಲೆ ಬಾಗಿಲು ಹಾಕಿ ಬೀಗ ಜಡಿದು ಕೀಲಿಯನ್ನು ತಾಳಿಯ ಜೊತೆ ಕಟ್ಟಿಕೊಂಡಳು.

ಅಲ್ಲಿಂದ ಶುರುವಾಯಿತು ಅಮ್ಮನ ಕಾವಲು. ಮೊದಲು ಬಂದದ್ದು ಬಿಸಿಲು. ನಮ್ಮ ಕಡೆಯ ಬೇಸಿಗೆಯಲ್ಲಿ ಕಲ್ಲೂ ಸಿಡಿಯುತ್ತದೆ ಅನ್ನುತ್ತಾರೆ. ಮಧ್ಯಾಹ್ನದ ಹೊತ್ತು ಗಾಡಿಯ ಹಲಗೆಗಳು ಟಪ್ ಟಪ್ ಎಂದು ಸದ್ದು ಮಾಡಿ ಸಂಕುಚಿಸುತ್ತಿದ್ದವು. ಅಮ್ಮ ಹೊಂಗೆ ಎಣ್ಣೆ ಕಾಸಿ ಹಳೆ ಪಂಚೆಯ ತುಂಡಿನಲ್ಲಿ ಅದ್ದಿ ಗೋಡೆಯ ಒಂದೊಂದೇ ಹಲಗೆಗೆ ಕುಡಿಸಿದಳು. ಅವಳ ಕೈಯಿಂದ ಆ ಕಹಿ ವಾಸನೆ ಹೋಗುತ್ತಲೇ ಇರಲಿಲ್ಲ, ಅವಳು ಬಾಚಿದ ನನ್ನ ಜಡೆಗೂ ಅದೇ ವಾಸನೆ. ಟೈರುಗಳು ಬಿಸಿಲಿಗೆ ಬಿರಿಯದ ಹಾಗೆ ಗೋಣಿಚೀಲ ಸುತ್ತಿದಳು, ಭಾರ ಬೀಳದಂತೆ ಅಚ್ಚುಗಳ ಕೆಳಗೆ ಕಲ್ಲುಚಪ್ಪಡಿ ಪೇರಿಸಿದಳು. ಆಷಾಢದ ಗಾಳಿ ಬಂತು. ಅದು ಹಗಲೆಲ್ಲ ಹಿತ್ತಿಲಿನ ದೂಳನ್ನು ಎತ್ತಿ ಗಾಡಿಯ ಮೇಲೆ ಸುರಿಯಿತು, ಮಾಡಿನ ಡಾಂಬರು ಬಟ್ಟೆಯನ್ನು ಒಂದು ಮೂಲೆಯಿಂದ ಸುಲಿಯಲು ಹಿಡಿಯಿತು. ಅಮ್ಮ ಸೀರೆ ಎತ್ತಿ ಕಟ್ಟಿ ಮೇಲೆ ಹತ್ತಿ ಮೊಳೆ ಹೊಡೆದಳು. ಅಕ್ಕಪಕ್ಕದ ಮನೆಯವರು ಗೋಡೆಯಾಚೆಯಿಂದ ನೋಡಿ ನಕ್ಕರು. ಹೆಂಗಸು ಮಾಡಿನ ಮೇಲೆ ಹತ್ತಿದ್ದನ್ನು ಆ ಕೇರಿ ಅದುವರೆಗೆ ನೋಡಿರಲಿಲ್ಲ.

ಮಳೆಗೆ ಮಾತ್ರ ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ. ಟಾರ್ಪಾಲು ಸಿಗುವಂತಿರಲಿಲ್ಲ. ತಾಳ್ಯದಿಂದ ಕುರಿ ಹೊಡೆದುಕೊಂಡು ಬಂದು ದೊಡ್ಡಪ್ಪನ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ ಚಿಕ್ಕೀರಜ್ಜ ಎಂಬ ಮುದುಕ ಅವಳ ಪೇಚಾಟ ನೋಡಿದ. ಹೆಗಲ ಕಂಬಳಿಯನ್ನು ತೊಟ್ಟಿಲಂತೆ ಹಿಡಿದು, ಅದರೊಳಗೆ ಒಂದು ತಂಬಿಗೆ ನೀರು ಹೊಯ್ಯಲು ನನಗೇ ಹೇಳಿದ. ನೀರು ಒಳಗೆ ನಿಂತುಕೊಂಡಿತು, ಕೆಳಗೆ ಒಂದು ಹನಿ ಬೀಳಲಿಲ್ಲ. ಹುಣಸೆಬೀಜದ ಅಂಟು ಕುಡಿಸಿದ ಕಂಬಳಿ ಅದು. ಅವನು ತನ್ನವರಿಂದ ಹಳೆಯ ಕಂಬಳಿಗಳನ್ನು ಕೂಡಿಸಿ ತಂದುಕೊಟ್ಟ. ಅಮ್ಮ ದಬ್ಬಳದಿಂದ ಅವನ್ನು ಒಂದಕ್ಕೊಂದು ಹೊಲಿದು ಗಾಡಿಗೆ ಹೊದಿಸಿದಳು. ಕೆಳಗಿನಿಂದ ಇರಚಲು ಹೊಡೆಯದಿರಲಿ ಎಂದು ಅಂಚುಗಳನ್ನು ನೆಲ ಮುಟ್ಟುವವರೆಗೆ ಇಳಿಬಿಟ್ಟು ಸುತ್ತಲೂ ಗೂಟ ಬಡಿದು ಬಿಗಿದಳು. ಮಳೆ ಬಂತು. ಒಂದು ತೊಟ್ಟು ನೀರು ಒಳಗೆ ಹೋಗಲಿಲ್ಲ. ಗಾಳಿಯೂ ಹೋಗಲಿಲ್ಲ, ಬೆಳಕೂ ಹೋಗಲಿಲ್ಲ. ಕಪ್ಪು ಕಂಬಳಿ ಹೊದ್ದು ಕೂತ ಆ ಗಾಡಿ ದೂರದಿಂದ ಮಳೆಗೆ ಮುದುರಿದ ಯಾವುದೋ ದೊಡ್ಡ ಪ್ರಾಣಿಯಂತೆ ಕಾಣುತ್ತಿತ್ತು. ಆ ದಿನಗಳಲ್ಲಿ ಅಮ್ಮ ಸ್ವಲ್ಪ ನಕ್ಕಳು ಎಂದು ನೆನಪು.

ಅಪ್ಪನ ತಾಯಿ, ನಮ್ಮ ಅಜ್ಜಿ, ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಹಿತ್ತಿಲಿಗೆ ಬರುತ್ತಿದ್ದಳು. ಶ್ರಾವಣ ಹುಟ್ಟುವುದರೊಳಗೆ ಒಂದು ಬೆಳಿಗ್ಗೆ ಅವಳ ಕೋಳಿಯೊಂದು ಕಂಬಳಿಯ ಅಂಚು ನುಸುಳಿ ಗಾಡಿಯ ಕೆಳಗೆ ಹೋಯಿತು. ಅದನ್ನು ಓಡಿಸಲು ಅಜ್ಜಿ ಗೂಟ ಕಿತ್ತು ಕಂಬಳಿ ಎತ್ತಿದಳು. ಎತ್ತಿದವಳು ಹಾಗೇ ಮೊಣಕಾಲೂರಿ ಕುಳಿತು ಕೈ ಮುಗಿದಳು. ನಾನು ಬಗ್ಗಿ ನೋಡಿದೆ. ಗಾಡಿಯ ನಟ್ಟನಡುವೆ, ನೆಲದಿಂದ ಎದ್ದ ಕೆಂಪು ಮಣ್ಣಿನ ಹುತ್ತವೊಂದು ನನ್ನ ಎದೆಯೆತ್ತರಕ್ಕೆ ಬೆಳೆದು ಗಾಡಿಯ ನೆಲಹಲಗೆಗೆ ತಲೆ ಕೊಟ್ಟು ನಿಂತಿತ್ತು. ಒದ್ದೆ ಒದ್ದೆಯಾಗಿ, ಈಗ ತಾನೇ ಯಾರೋ ಕೈಯಲ್ಲಿ ಮೆತ್ತಿ ಹೋದ ಹಾಗಿತ್ತು. ಅಮ್ಮ ಓಡಿ ಬಂದು ನೋಡಿ ಗುದ್ದಲಿ ತಂದಳು. ಅಜ್ಜಿ ಅವಳ ಕೈ ಹಿಡಿದಳು.

"ಗಿರಿಜಾ, ಕೆಳಗಿಕ್ಕು ಅದನ್ನ."

"ಅತ್ತೆ, ಗೆದ್ದಲು ಕಣ್ರಿ ಅದು. ಹಲಗೆ ತಿನ್ತಾ ಐತೆ."

"ತಿನ್ಲಿ. ನನ್ನ ಮಗ ಸಾಯಾಕೆ ಬಿದ್ದವ್ನೆ ಅಂತ ನಾನು ಯಾವ ದೇವ್ರಿಗೆ ಹರಕೆ ಹೊರಲಿಲ್ಲ ಹೇಳು. ಒಬ್ಬನೂ ಕಣ್ಣು ಬಿಡ್ಲಿಲ್ಲ. ನಾಗಪ್ಪನೇ ನನ್ನ ಮಗನ ಮನೆ ಹುಡಿಕ್ಕೊಂಡು ಬಂದು ಕುಂತವ್ನೆ. ಪಂಚಮಿ ಹತ್ರ ಬಂದಾಗ ಹುತ್ತ ಒಡೀತೀಯಾ?"

ಅಮ್ಮ ಗುದ್ದಲಿ ಬಿಡಲಿಲ್ಲ, ಎತ್ತಲೂ ಇಲ್ಲ. ಹಾವಿಲ್ಲ, ಗೂಡಷ್ಟೇ ಎಂದು ಹೇಳಿದಳು. ಕಾಣಿಸಿಕೊಳ್ಳುವುದು ಬಿಡುವುದು ನಾಗಪ್ಪನ ಇಷ್ಟ ಎಂದಳು ಅಜ್ಜಿ. ದೊಡ್ಡಪ್ಪ ಚಪ್ಪಲಿ ಮೆಟ್ಟಿ ಮಂಡಿಗೆ ಹೊರಟುಹೋದರು. ಮಕ್ಕಳ ತಾಯಿಯಾದ ದೊಡ್ಡಮ್ಮನಿಗೆ ಗೆದ್ದಲಿಗಿಂತ ನಾಗದೋಷದ ಭಯವೇ ಹೆಚ್ಚು. ಸಂಜೆಯೊಳಗೆ ಹುತ್ತಕ್ಕೆ ಅರಿಸಿನ ಕುಂಕುಮ ಬಿದ್ದಿತ್ತು.

ಪಂಚಮಿಯ ದಿನ ಕೇರಿಯ ಹೆಂಗಸರೆಲ್ಲ ನಮ್ಮ ಹಿತ್ತಿಲಿಗೆ ಬಂದರು. ಅಜ್ಜಿ ಕಂಬಳಿಯ ಒಂದು ಬದಿಯನ್ನು ಪರದೆಯಂತೆ ಎತ್ತಿ ಕಟ್ಟಿಸಿದ್ದಳು. ಒಬ್ಬೊಬ್ಬರೇ ಬಗ್ಗಿ ಗಾಡಿಯ ಕೆಳಗೆ ತೂರಿ ತನಿ ಎರೆದು, ಅಂದರೆ ಹುತ್ತಕ್ಕೆ ಹಾಲು ಹೊಯ್ದು, ಅರಳು, ತಂಬಿಟ್ಟು, ಚಿಗಳಿ ಇಟ್ಟು ಹಿಂದಕ್ಕೆ ಸರಿದು ಬರುತ್ತಿದ್ದರು. ಬರುವಾಗ ಚೌಕಟ್ಟಿಗೆ ತಲೆ ತಾಗಿಸಿಕೊಂಡು ನಗುತ್ತಿದ್ದರು. ಅಮ್ಮನ ಕೈಗೂ ಹಾಲಿನ ಗಿಂಡಿ ಕೊಟ್ಟರು. ಅವಳು ಗಂಡನ ಆಯುಸ್ಸಿಗಾಗಿ ಎರೆಯಬೇಕು, ಎರೆಯದಿದ್ದರೆ ಕೇರಿ ಏನೆಂದೀತು. ಅವಳು ತೂರಿ ಹೋದಳು. ನಾನು ಅವಳ ಹಿಂದೆಯೇ ಇದ್ದೆ. ಅವಳು ಹಾಲು ಎರೆಯುತ್ತ ಇನ್ನೊಂದು ಕೈಯನ್ನು ಮೇಲೆತ್ತಿ ನೆಲಹಲಗೆಯನ್ನು ಬೆರಳಿಂದ ಒತ್ತಿದಳು. ಬೆರಳು ಒಳಕ್ಕೆ ಹೋಯಿತು. ರಸ್ಕನ್ನು ಚಹಾದಲ್ಲಿ ಅದ್ದಿ ಒತ್ತಿದಂತೆ, ಸದ್ದಿಲ್ಲದೆ. ಅವಳು ಬೆರಳನ್ನು ನಿಧಾನವಾಗಿ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡಳು. ಹೊರಗೆ ಬಂದು ಎಲ್ಲರಿಗೂ ತಂಬಿಟ್ಟು ಹಂಚಿದಳು.

ಇನ್ನೂ ಕ್ರೂರವಾದದ್ದು ಆಮೇಲೆ ಆಯಿತು. ದೊಡ್ಡಪ್ಪ ಸ್ಯಾನಿಟೋರಿಯಂಗೆ ಹೋಗಿಬಂದು, ತಮ್ಮ ಚೇತರಿಸಿಕೊಂಡಿದ್ದಾನೆ, ರಕ್ತ ನಿಂತಿದೆ, ಮೈ ಕೈ ತುಂಬಿಕೊಳ್ಳುತ್ತಿದೆ ಎಂದರು. ಅಜ್ಜಿ ನೆಟ್ಟಗೆ ಹಿತ್ತಿಲಿಗೆ ಹೋಗಿ ಹುತ್ತದ ಮುಂದೆ ಅಡ್ಡಬಿದ್ದಳು. ಅಂದಿನಿಂದ ದಿನಾ ಹಾಲು. ಅಮ್ಮ ಅಪ್ಪನ ಸುದ್ದಿ ಕೇಳಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಆ ಅಳುವಿನಲ್ಲಿ ಎಷ್ಟು ಸಂತೋಷವಿತ್ತು, ಎಷ್ಟು ಬೇರೆಯದು ಎಂದು ನನಗೆ ಈಗಲೂ ಬಿಡಿಸಲಾಗದು. ಗಾಡಿಯ ಕೆಳಗೆ ಹೋಗಿ ಹುತ್ತ ಒಡೆದು, ಅಕಸ್ಮಾತ್ ಅಪ್ಪನಿಗೆ ಮತ್ತೆ ಕೆಮ್ಮು ತಿರುಗಿದರೆ? ಅವಳು ನಂಬುತ್ತಿರಲಿಲ್ಲ. ಆದರೆ ನಂಬಿಕೆಯಿಲ್ಲದವರೂ ಇಂಥ ವಿಷಯದಲ್ಲಿ ಗುದ್ದಲಿ ಎತ್ತುವುದಿಲ್ಲ. ಒಡೆಯದಿದ್ದರೆ, ಹುಷಾರಾಗಿ ಬರುವವನಿಗೆ ಕೆಲಸವಿಲ್ಲ, ಮನೆಯಿಲ್ಲ. ಅವಳು ಹುತ್ತ ಮುಟ್ಟದೆ ಅದರ ಸುತ್ತ ಹೊಂಗೆ ಎಣ್ಣೆ ಸುರಿದಳು, ಬೂದಿ ಚೆಲ್ಲಿದಳು. ಅಜ್ಜಿ ಅದನ್ನೆಲ್ಲ ಗುಡಿಸಿ ರಂಗೋಲಿ ಹಾಕಿದಳು. ಅತ್ತೆ ಸೊಸೆ ಒಬ್ಬರಿಗೊಬ್ಬರು ಒಂದು ಗಡುಸು ಮಾತು ಆಡಲಿಲ್ಲ. ಇಬ್ಬರೂ ಉಳಿಸಿಕೊಳ್ಳಲು ಹೊರಟಿದ್ದು ಅದೇ ಒಬ್ಬ ಮನುಷ್ಯನನ್ನು. ಊಟದ ಹೊತ್ತಿನಲ್ಲಿ ಅವರಿಬ್ಬರನ್ನೂ ನೋಡುತ್ತ ದೊಡ್ಡಮ್ಮ ಕೂಡ ನನ್ನ ತಟ್ಟೆಗೆ ಸಾರು ಬಿಡುವಾಗ ಮೆಲ್ಲಗೆ ಬಿಡತೊಡಗಿದರು.

ಕೊನೆಗೆ ಅಮ್ಮನಿಗೆ ಒಂದು ದಾರಿ ಕಂಡಿತು. ಹುತ್ತ ಇದ್ದಲ್ಲೇ ಇರಲಿ, ಗಾಡಿಯೇ ಸರಿಯಲಿ. ಅಜ್ಜಿಯ ಮುಂದೆ ಕೂತು ಕೇಳಿದಳು. ನಾಗಪ್ಪನಿಗೆ ಒಂದು ಗೀರೂ ಬೀಳದಂತೆ ನೋಡಿಕೊಳ್ಳುತ್ತೇನೆ, ಗಾಡಿ ಮಾತ್ರ ಪಕ್ಕಕ್ಕೆ ಹೋಗುತ್ತದೆ ಎಂದಳು. ಅಜ್ಜಿ ಹುತ್ತದ ಮೈಗೆ ಒದ್ದೆ ಹೂವು ಅಂಟಿಸಿ ಪ್ರಸಾದ ಕೇಳಿದಳು. ಹೂವು ಬಲಕ್ಕೆ ಬಿತ್ತು, ಅಪ್ಪಣೆಯಾಯಿತು. ಅಮ್ಮ ಕಣ್ಣು ಮುಚ್ಚಿದಳು.

ನವರಾತ್ರಿ ಮುಗಿದ ಮೇಲೆ ಚಿಕ್ಕೀರಜ್ಜ ಎರಡು ಜೊತೆ ಎತ್ತು, ನಾಲ್ಕು ಜನ ಗಂಡಾಳುಗಳನ್ನು ಕರೆತಂದ. ಬೆಳಗಿನ ಬಿಸಿಲು ಚೆನ್ನಾಗಿತ್ತು. ಕಂಬಳಿಗಳನ್ನು ಬಿಚ್ಚಿ ಬೇಲಿಯ ಮೇಲೆ ಹರವಿದರು. ಗೋಡೆಗಳು ಎಣ್ಣೆ ಕುಡಿದು ಕಪ್ಪಗೆ ಗಟ್ಟಿಯಾಗಿದ್ದವು. ಅಮ್ಮ ಎಲ್ಲರಿಗೂ ಅವನ್ನು ತೋರಿಸಿದಳು. ಜಾಕು ಕೊಟ್ಟು ಗಾಡಿ ಎತ್ತಿ, ಕಲ್ಲು ತೆಗೆದು, ಟೈರಿಗೆ ಗಾಳಿ ಹೊಡೆದು, ಗಾಡಿ ಸರಿಯುವಾಗ ಹುತ್ತಕ್ಕೆ ತಾಗುವ ಅಡ್ಡ ಪಟ್ಟಿಗಳ ಬೋಲ್ಟು ಬಿಚ್ಚಿದರು. ಅಮ್ಮ ಹುತ್ತಕ್ಕೆ ಬಾಳೆಎಲೆ ಸುತ್ತಿ ದಾರ ಕಟ್ಟಿದ್ದಳು, ತರಚಬಾರದೆಂದು. ಎತ್ತು ಹೂಡಿದರು. ಚಿಕ್ಕೀರಜ್ಜ ಬಾಯಲ್ಲಿ ಸದ್ದು ಮಾಡಿದ. ಗಾಡಿ ಒಮ್ಮೆ ನರಳಿ, ಮುಂದಕ್ಕೆ ಉರುಳಿತು. ಬಟ್ಟೆ ಹರಿದಂಥ ಒಂದು ಉದ್ದನೆಯ ಸದ್ದು. ಎತ್ತುಗಳು ಹಗುರಾದಂತೆ ನಾಲ್ಕು ಹೆಜ್ಜೆ ಜೋರಾಗಿ ಹೋದವು.

ಗಾಡಿ ಬಂದಿತ್ತು. ನೆಲ ಬಂದಿರಲಿಲ್ಲ. ಮಧ್ಯದ ಹಲಗೆಗಳೆಲ್ಲ ಹುತ್ತದ ತಲೆಗೆ ಅಂಟಿಕೊಂಡು ಅಲ್ಲೇ ಉಳಿದಿದ್ದವು. ಬಿಸಿಲಿನಲ್ಲಿ ನಿಂತ ಕೆಂಪು ಹುತ್ತ, ಅದರ ಮೇಲೆ ಓರೆಯಾದ ಟೋಪಿಯಂತೆ ನಮ್ಮ ಮನೆಯ ನೆಲ. ಮಡಚುವ ಮೇಜಿನ ಕಾಲು ಊರುತ್ತಿದ್ದ ಗುಂಡು ಗುರುತು ಅದರ ಮೇಲೆ ಕಾಣುತ್ತಿತ್ತು. ಹಲಗೆಯ ಅಂಚುಗಳಲ್ಲಿ ಬಿಳಿ ಗೆದ್ದಲು ಬೆಳಕಿಗೆ ದಿಕ್ಕೆಟ್ಟು ಉದುರುತ್ತಿದ್ದವು, ಕೋಳಿಗಳು ಓಡಿ ಬಂದವು. ಅಮ್ಮ ಹುತ್ತದ ಹತ್ತಿರ ಹೋಗಿ, ಆ ಹಲಗೆಗಳ ಒಂದು ತುದಿ ಹಿಡಿದಳು. ಅದು ಕೈಯಲ್ಲಿ ಹಿಟ್ಟಾಯಿತು. ಆಗ ದೊಡ್ಡಮ್ಮ ಬಂದು, ಆ ಮನೆಗೆ ನಾವು ಕಾಲಿಟ್ಟ ಮೇಲೆ ಮೊದಲ ಸಲ, ಅಮ್ಮನನ್ನು ಮುಟ್ಟಿದರು. ಭುಜ ಹಿಡಿದುಕೊಂಡು, ಬಾರೇ ಒಳಗೆ, ಬಾ, ಎಂದರು. ಅಮ್ಮ ಹೋಗಲಿಲ್ಲ. ಅಜ್ಜಿ ಹುತ್ತದ ಸುತ್ತ ಒಂದು ಸುತ್ತು ಹಾಕಿದಳು. ಹುತ್ತಕ್ಕೆ ಏನೂ ಆಗಿರಲಿಲ್ಲ.

"ಅವ್ನ ಪಾಲು ಅವ್ನು ತಗಂಡ," ಎಂದಳು. "ಉಳಿದಿದ್ದು ನಿಮ್ದು."

ಗುತ್ತಿಗೆದಾರರ ಜೀಪು ದೀಪಾವಳಿ ಕಳೆದು ಬಂತು. ಬಂದವರು ಬಗ್ಗಿ ಒಳಗೆ ನೋಡಿದರು, ಗೋಡೆ ತಟ್ಟಿದರು, ಪಾಪ ಅಂದರು. ಹಲಗೆ ಹೊಡೆಸುತ್ತೇವೆ, ಸ್ವಲ್ಪ ದಿನ ಕೊಡಿ ಎಂದು ಅಮ್ಮ ಬೇಡಿಕೊಂಡಳು. ಗೆದ್ದಲು ಗೋಡೆಯ ಬುಡವನ್ನೂ ಹಿಡಿದಿದೆ, ಗುಡ್ಡದ ದಾರಿಯ ಕುಲುಕಾಟಕ್ಕೆ ಇದು ನಿಲ್ಲುವುದಿಲ್ಲ ಎಂದು ಅವರು ಹೇಳಿದರು. ಅಮ್ಮ ಜೀಪಿನ ಪಕ್ಕದಲ್ಲಿ ನಡೆಯುತ್ತಲೇ ಹೋದಳು, ಬಸ್‌ಸ್ಟ್ಯಾಂಡಿನ ದಾರಿಯ ತಿರುವಿನವರೆಗೆ, ಏನೋ ಹೇಳುತ್ತ. ಜೀಪು ನಿಲ್ಲಲಿಲ್ಲ. ಇಂದಿಗೂ ಯಾವ ವಾಹನವಾದರೂ ಹೊರಡುವ ಮುಂಚೆ ಅದರ ಪಕ್ಕ ನಿಂತು ಮಾತಾಡುವುದೆಂದರೆ ನನಗೆ ಆಗದು. ಮನೆಗೆ ಬಂದವರನ್ನು ಬಾಗಿಲಲ್ಲೇ ಬೀಳ್ಕೊಟ್ಟುಬಿಡುತ್ತೇನೆ.

ಅಪ್ಪ ಅದಾದ ಕೆಲವೇ ದಿನಗಳಿಗೆ ಬಸ್ಸಿಳಿದು ನಡೆದು ಬಂದ. ಅವನಿಗೆ ಯಾರೂ ಏನೂ ತಿಳಿಸಿರಲಿಲ್ಲ. ಅಂಗಳದಲ್ಲಿ ನಿಂತು ಎಲ್ಲರ ಮುಖ ನೋಡಿದ, ನನ್ನ ತಲೆ ಮುಟ್ಟಲು ಕೈ ಚಾಚಿ, ದೊಡ್ಡಮ್ಮನ ಕಡೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ನೆಟ್ಟಗೆ ಹಿತ್ತಿಲಿಗೆ ಹೋದ. ಅಮ್ಮ ಬೀಗ ತೆಗೆದಳು. ಅವನು ಕಬ್ಬಿಣದ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ. ಒಳಗೆ ಚೌಕಟ್ಟಿನ ಪಟ್ಟಿಗಳು, ಅವುಗಳ ನಡುವೆ ಹಿತ್ತಿಲಿನ ಹುಲ್ಲು. ಕಾಲಿಡಲು ಏನೂ ಇರಲಿಲ್ಲ. ಅಪ್ಪ ಪಟ್ಟಿ ಹಿಡಿದು ಮೆಲ್ಲಗೆ ಒಳಕ್ಕೆ ಇಳಿದ. ಗಾಡಿಯೊಳಗೆ, ಮಣ್ಣಿನ ಮೇಲೆ ನಿಂತ. ಪಟ್ಟಿಗಳು ಅವನ ಸೊಂಟಕ್ಕಿಂತ ಸ್ವಲ್ಪ ಮೇಲಿದ್ದವು. ಉಸಿರು ಹಿಡಿದುಕೊಂಡು ಸುಧಾರಿಸಿಕೊಂಡ.

"ಚಕ್ರ ಬಿಚ್ಚಿ ಇಳಿಸಾಣ," ಎಂದ. "ಇನ್ನು ಇದು ಎಲ್ಲಿಗೂ ಹೋಗಂಗಿಲ್ಲ. ಇಲ್ಲೇ ಒಲೆ ಹೂಡು."

ಚಕ್ರ ಬಿಚ್ಚಿ, ಪಟ್ಟಿ ತೆಗೆದು, ನಾಲ್ಕು ಗೋಡೆಗಳನ್ನು ಕಲ್ಲಿನ ಸಾಲಿನ ಮೇಲೆ ಇಳಿಸಿದರು. ಗೋಡೆಗಳ ತಿಂದುಹೋದ ಬುಡವನ್ನು ಅಪ್ಪ ಕುಳಿತುಕೊಂಡೇ ಗರಗಸದಲ್ಲಿ ಕೊಯ್ದು ತೆಗೆದ. ಉಳಿದಿದ್ದು ನೆಲ ಗಟ್ಟಿಸುವುದು, ಒಲೆ ಹೂಡುವುದು. ನಮ್ಮ ಕಡೆ ಒಲೆಗೂ ನೆಲಕ್ಕೂ ಹುತ್ತದ ಮಣ್ಣಿಗಿಂತ ಒಳ್ಳೆಯ ಮಣ್ಣಿಲ್ಲ, ಬಿರುಕು ಬಿಡುವುದಿಲ್ಲ. ನೆಲ ಗಟ್ಟಿಸಬೇಕೆಂದಿದ್ದ ಬೆಳಿಗ್ಗೆ ಅಜ್ಜಿ ಹುತ್ತಕ್ಕೆ ಕೈಮುಗಿದು, ಅಪ್ಪಣೆ ಪಡೆದು, ಅದರ ಮಗ್ಗುಲಿನಿಂದ ತಾನೇ ಕೈಯಾರೆ ಕೆರೆದು ಒಂದು ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ತಂದಳು. ಹುತ್ತಕ್ಕೆ ಗುದ್ದಲಿ ತಾಗಬಾರದೆಂದಿದ್ದ ಅಜ್ಜಿ. ಆ ಮಣ್ಣಿನಲ್ಲಿ ನಮ್ಮ ಹಲಗೆಗಳೂ ಇದ್ದವು ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಕೊಡಲು ಇದ್ದದ್ದು ಅದೊಂದೇ.

"ತಗೋ ಗಿರಿಜಾ. ಇಳಿಸ್ಕೋ."

ಅಮ್ಮ ಬುಟ್ಟಿಯನ್ನು ನೋಡಿದಳು. ಅವಳ ದನಿ ಎಂದಿನಷ್ಟೇ ಸಣ್ಣದಾಗಿತ್ತು.

"ಆ ಮಣ್ಣು ಬ್ಯಾಡ ಅತ್ತೆ."

ಮೂಲೆಯಲ್ಲಿದ್ದ ಖಾಲಿ ಬುಟ್ಟಿ ಎತ್ತಿಕೊಂಡು, ಸೆರಗು ಸಿಕ್ಕಿಸಿ, ಅವಳು ಕೆರೆಯ ಕಡೆ ಹೊರಟಳು. ಕೆರೆ ಹತ್ತಿರವೇನಲ್ಲ. ಅಜ್ಜಿ ಬುಟ್ಟಿ ಹೊತ್ತು ಬಾಗಿಲಲ್ಲಿ ಹಾಗೇ ನಿಂತಿದ್ದಳು. ಇಳಿಸಿಕೊಳ್ಳಲು ಅಪ್ಪ ಕೈ ಚಾಚಿದ, ಅವಳು ಬೇಡವೆಂದು ತಲೆಯಾಡಿಸಿದಳು. ಅಮ್ಮ ಮಣ್ಣು ಹೊತ್ತು ಬರುವವರೆಗೆ ನಾವು ಮೂವರೂ ಆ ನೆಲವಿಲ್ಲದ ಮನೆಯಲ್ಲಿ ನಿಂತೇ ಇದ್ದೆವು.